ಗೃಹಲಕ್ಷ್ಮಿ ಬಂತಾ?

“ಗೃಹಲಕ್ಷ್ಮಿ ಬಂತಾ?” ಬ್ಯಾಂಕಿನ ಮೆಟ್ಟಿಲ ಮೇಲೆ, ಊರ ಬಸ್ಸಿನಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಹೆಂಗಸರು ಹೀಗೆ ವಿಚಾರಿಸಿಕೊಳ್ಳುತ್ತಾರೆ. “ಬಂದಳಾ” ಅಲ್ಲ, “ಬಂತಾ”. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆ 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಶುರುವಾಯಿತು. ಅಲ್ಲಿಂದೀಚೆಗೆ ಸ್ತ್ರೀಲಿಂಗದ ಈ ಪದ ಯಾವ ವ್ಯಾಕರಣಕಾರನ ಅಪ್ಪಣೆಗೂ ಕಾಯದೆ ನಪುಂಸಕಲಿಂಗಕ್ಕೆ ದಾಟಿಕೊಂಡಿತು. ಆ ‘ಬಂತಾ’ವನ್ನು ಎಷ್ಟು ಸಲ ಕೇಳಿದರೂ ನನಗೆ ತಣಿವಿಲ್ಲ. ಹಿಂದೆ ಗೃಹಲಕ್ಷ್ಮಿ ಎನ್ನುವುದು ಬೇರೆಯವರು ಹೆಣ್ಣಿಗೆ ತೊಡಿಸುತ್ತಿದ್ದ ಬಿರುದು; ತನ್ನನ್ನು ತಾನೇ ಹಾಗೆ ಕರೆದುಕೊಳ್ಳಲು ಯಾವ ಹೆಂಗಸಿಗಾದರೂ ಸಂಕೋಚ. ಈಗ ಅವಳೇ ಗಟ್ಟಿ ದನಿಯಲ್ಲಿ “ನನ್ನ ಗೃಹಲಕ್ಷ್ಮಿ ಇನ್ನೂ ಬಂದಿಲ್ಲ” ಅನ್ನುತ್ತಾಳೆ. ಹೊಗಳಿಕೆಯಾಗಿದ್ದದ್ದು ಕೇಳಿ ಪಡೆಯುವ ಬಾಬ್ತಾಯಿತು.

‘ಭಾಗ್ಯ’ದ ದಾರಿ ಇನ್ನೂ ಚಂದ. ಹಣೆಯಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಬಹುಕಾಲ ನಂಬಿದ್ದ ಮಾತು ಅದು. 2006ರ ಭಾಗ್ಯಲಕ್ಷ್ಮಿ, 2013ರ ಅನ್ನಭಾಗ್ಯ, ಕ್ಷೀರಭಾಗ್ಯ ಎಂದು ಬರುಬರುತ್ತ ಅದು ಸರ್ಕಾರಿ ಆದೇಶದಲ್ಲಿ ಬರೆಯುವಂಥದ್ದಾಯಿತು. ಪದವನ್ನು ಹಗುರ ಮಾಡಿದರು ಎಂದು ಗೊಣಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಭಾಗ್ಯದ ಒಡಲಲ್ಲಿರುವುದು ‘ಭಾಗ’, ಅಂದರೆ ಪಾಲು. ತನ್ನ ಪಾಲಿನ ಅಕ್ಕಿಯನ್ನು ಚೀಲಕ್ಕೆ ಸುರಿಸಿಕೊಳ್ಳುವವಳು ಆ ಪದವನ್ನು ಅದರ ಬೇರಿನ ಹತ್ತಿರಕ್ಕೇ ತಂದುಕೊಂಡಿದ್ದಾಳೆ.

ಅವಳ ಕೈಯಲ್ಲಿರುವ ಪಡಿತರ ಚೀಟಿಯನ್ನೂ ನೋಡಿ. ಪಡಿ ಎಂದರೆ ಅಳತೆ. ದೇವಸ್ಥಾನಗಳ ಹಳೆಯ ಕಾಗದಪತ್ರಗಳಲ್ಲಿ ‘ಪಡಿತರ ದೀಪಾರಾಧನೆ’ ಎಂದು ಬರುತ್ತದೆ: ದೇವರ ನಿತ್ಯದ ನೈವೇದ್ಯಕ್ಕೂ ದೀಪದೆಣ್ಣೆಗೂ ಗೊತ್ತುಮಾಡಿದ ಪಾಲು. ದೇವರಿಗಾಗಿ ಅಳೆಯುತ್ತಿದ್ದ ಪದದಿಂದಲೇ ಈಗ ಮನುಷ್ಯರಿಗೆ ಅಳೆದುಕೊಡುತ್ತೇವೆ. ಇದಕ್ಕಿಂತ ದೊಡ್ಡ ಏರಿಕೆ ಒಂದು ಪದಕ್ಕೆ ಬೇಕೆ?

ದಿನಬಳಕೆಯ ಮಾತುಗಳೂ ಇಂಥ ಪ್ರಯಾಣ ಮಾಡಿ ಬಂದವೇ. ಸಂಸ್ಕೃತದಲ್ಲಿ ‘ಕರೆಯದೆ ಬಂದದ್ದು’ ಎಂದಷ್ಟೇ ಇದ್ದದ್ದು ನಮ್ಮಲ್ಲಿ ಅನಾಹುತವಾಯಿತು. ‘ನಡುವಿನದು’ ಎಂಬ ಸಾಧು ಅರ್ಥದ ಅವಾಂತರ ಎಡವಟ್ಟಿನ ಹೆಸರಾಯಿತು. ಪಾರಸಿಯಿಂದ ಉರ್ದುವಿನ ಮೂಲಕ ಬಂದ, ‘ಬಿರುಸು, ಕಠಿಣ’ ಎಂಬ ಅರ್ಥದ ‘ಸಖ್ತ್’ ಇಲ್ಲಿ ಮೆತ್ತಗಾಗಿ, ಬಿಸಿ ಮಸಾಲೆ ದೋಸೆ ಬಾಯಿಗಿಟ್ಟಾಗ “ಸಖತ್” ಎಂದು ಹೊರಬರುತ್ತದೆ.

ಆದರೆ ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವ ಪದ ‘ಪ್ರಜೆ’. ಸಂಸ್ಕೃತದಲ್ಲಿ ಅದು ಮೊದಲು ಸಂತಾನ. ಸಪ್ತಪದಿಯ ಮಂತ್ರದಲ್ಲಿ ಇಂದಿಗೂ ಪ್ರಜೆ ಎಂದರೆ ಮಕ್ಕಳೇ. ದೊರೆಗೆ ಆಳಿಸಿಕೊಳ್ಳುವವರೆಲ್ಲ ಮಕ್ಕಳಂತೆ ಎಂಬ ಭಾವದಲ್ಲಿ ಅದು ಅರಮನೆಯ ಕಡೆ ತಿರುಗಿತು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ ಬಂದವರು 144 ಮಂದಿ. ಸರ್ಕಾರದ ವರದಿ ಕೇಳುವುದು, ಕಷ್ಟಸುಖ ಅರಿಕೆ ಮಾಡಿಕೊಳ್ಳುವುದು, ಅವರಿಗಿದ್ದದ್ದು ಅಷ್ಟೇ. ಆದರೂ ‘ಪ್ರತಿನಿಧಿ’ಯ ಪಕ್ಕ ಕುಳಿತ ಮೇಲೆ ‘ಪ್ರಜೆ’ ಮೊದಲಿನ ಮಗುವಾಗಿ ಉಳಿಯಲಿಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ, ಹಿಂದುಳಿದ ಜಾತಿಗಳಿಗೆ ನೌಕರಿಯಲ್ಲಿ ಪಾಲು ಕೇಳಿತು. 1948ರಲ್ಲಿ ಪತ್ರಿಕೆಯೊಂದು ಪ್ರಜಾವಾಣಿ ಎಂದು ಹೆಸರಿಟ್ಟುಕೊಂಡಿತು. ಕೇಳಿಸಿಕೊಳ್ಳುತ್ತಿದ್ದ ಪ್ರಜೆಗೆ ದನಿ ಬಂದಿತ್ತು. ಇನ್ನು ‘ಪ್ರಜಾಪ್ರಭುತ್ವ’ವನ್ನು ಬಿಡಿಸಿ ಹೇಳಿ ನೋಡಿ. ಒಬ್ಬ ಪೀಠದ ಮೇಲೆ, ಇನ್ನೊಬ್ಬ ಕೈಮುಗಿದು ಕೆಳಗೆ ನಿಲ್ಲುತ್ತಿದ್ದ ಪ್ರಭು, ಪ್ರಜೆ ಇಬ್ಬರೂ ಒಂದೇ ಸಮಾಸದಲ್ಲಿ ಕೂತಿದ್ದಾರೆ. ಇಂಥ ಸಮಾಸ ಕಟ್ಟಿದವರಿಗೆ ನಾನು ಋಣಿ.

ಪತ್ರಿಕೆಗಳ ‘ಆಗ್ರಹ’ದ ಬಗ್ಗೆ ಒಂದು ಮಾತು. ಹಳಬರ ಕನ್ನಡದಲ್ಲಿ ಆಗ್ರಹ ಎಂದರೆ ಕೋಪ. ಈಗ “ರಸ್ತೆ ದುರಸ್ತಿಗೆ ಗ್ರಾಮಸ್ಥರ ಆಗ್ರಹ” ಎಂಬಲ್ಲಿ ಅದು ಬರೀ ಬೇಡಿಕೆ. ಹಿಂದಿಯ ನೆರಳು ಬಿದ್ದು ಪದ ಕೆಟ್ಟಿತೆಂದು ‘ಒತ್ತಾಯ’ ಎಂದು ತಿದ್ದುವವರುಂಟು. ದಯವಿಟ್ಟು ತಿದ್ದಬೇಡಿ. ಮಳೆಗಾಲವಿಡೀ ಗುಂಡಿ ದಾಟಿ ಮಕ್ಕಳನ್ನು ಶಾಲೆಗೆ ಕಳಿಸಿದ ಊರಿನವರು ಕೋಪದಿಂದಲೇ ಕೇಳುತ್ತಿದ್ದಾರೆ.