‘ಮೇಸಿಗೆ ತಿಳಿದದ್ದು’: ಇಂಗ್ಲಿಷ್ ಕಾದಂಬರಿಯಲ್ಲಿ ನಾಮ ಉಪವಾಕ್ಯದ ಕಾರ್ಯ

ಇಂಗ್ಲಿಷ್ ಕಥನಸಾಹಿತ್ಯದ ನಾಮ ಉಪವಾಕ್ಯಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಒಂದೇ ಕ್ರಮವನ್ನು ಅನುಸರಿಸುತ್ತವೆ: ಕೃತಿಯೊಂದರಿಂದ ಉಪವಾಕ್ಯಗಳನ್ನು ಆಯ್ದು, ಕರ್ತೃ, ಕರ್ಮ, ಪೂರಕ, ಸಮಾನಾಧಿಕರಣ, ಪ್ರಿಪೊಸಿಷನ್ನಿನ ಕರ್ಮ ಎಂದು ವಿಂಗಡಿಸಿ, ಎಣಿಸಿ, ಕೋಷ್ಟಕ ರಚಿಸುವುದು. ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣವು ಇಂಥ ವರ್ಗೀಕರಣಕ್ಕೆ ದೃಢವಾದ ತಳಹದಿಯನ್ನು ಒದಗಿಸಿದೆ. ವಿಂಗಡಣೆ ಅಗತ್ಯವೇ ಸರಿ. ಆದರೆ ಅದು ಅಧ್ಯಯನದ ಆರಂಭವೇ ಹೊರತು ಫಲಿತಾಂಶವಲ್ಲ ಎಂಬುದು ಈ ಲೇಖನದ ವಾದ. ಕಥನದಲ್ಲಿ ನಾಮ ಉಪವಾಕ್ಯವು ವಾಕ್ಯದ ಒಂದು ಸ್ಥಾನವನ್ನು ತುಂಬುವುದರ ಜೊತೆಗೆ, ಅದರೊಳಗಿನ ಸಂಗತಿಗೆ ಹೊಣೆ ನಿರೂಪಕರದೇ, ಪಾತ್ರದ್ದೇ, ಸಮಾಜದ್ದೇ ಎಂಬುದನ್ನೂ ಸೂಚಿಸುತ್ತದೆ.

ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಕಾದಂಬರಿಯ ಮೊದಲ ವಾಕ್ಯವನ್ನು ನೋಡಬಹುದು. ಅರ್ಥಶೂನ್ಯವಾದ ‘ಇಟ್’ ಕರ್ತೃಸ್ಥಾನದಲ್ಲಿ ನಿಂತು, ನಿಜವಾದ ಕರ್ತೃವಾದ ‘ದ್ಯಾಟ್’ ಉಪವಾಕ್ಯ ಕೊನೆಗೆ ಸರಿದಿದೆ ಎಂಬುದು ಒಂದು ವಿಶ್ಲೇಷಣೆ. ಆ ಉಪವಾಕ್ಯ ಹಿಂದಿನ ‘ಟ್ರೂತ್’ ಎಂಬ ನಾಮಪದಕ್ಕೆ ಸಮಾನಾಧಿಕರಣ ಎಂದು ವಾದಿಸುವುದೂ ಸಾಧ್ಯ. ಕೋಷ್ಟಕದ ಯಾವ ಅಂಕಣಕ್ಕೆ ಸೇರಿಸಿದರೂ ವಾಕ್ಯದ ವ್ಯಂಗ್ಯ ಅದರಿಂದ ಹೊರಗೇ ಉಳಿಯುತ್ತದೆ. ಆ ಮಾತನ್ನು ಒಪ್ಪಿದವರು ಯಾರೆಂದು ವಾಕ್ಯ ಹೇಳುವುದಿಲ್ಲ. ಲೋಕಸತ್ಯವೆಂಬಂತೆ ಬಂದದ್ದು ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿರುವ ನೆರೆಹೊರೆಯ ಮನೆಗಳ ಆಸೆಯೆಂಬುದು ಓದುಗರಿಗೆ ಬೇಗನೆ ಅರಿವಾಗುತ್ತದೆ.

ಈ ಹೊಣೆಯ ಪ್ರಶ್ನೆಗೆ ಭಾಷಾವಿಜ್ಞಾನದಲ್ಲಿ ಉಪಕರಣಗಳಿಲ್ಲವೆಂದಲ್ಲ. ಪಾಲ್ ಮತ್ತು ಕ್ಯಾರಲ್ ಕಿಪಾರ್ಸ್ಕಿ 1970ರ ತಮ್ಮ ‘ಫ್ಯಾಕ್ಟ್’ ಲೇಖನದಲ್ಲಿ ಉಪವಾಕ್ಯದ ಸತ್ಯವನ್ನು ಮೊದಲೇ ಒಪ್ಪಿಕೊಂಡು ನಡೆಯುವ ಕ್ರಿಯಾಪದಗಳನ್ನು ಪ್ರತ್ಯೇಕಿಸಿದರು. ಕನ್ನಡದಲ್ಲೂ ‘ಮಳೆ ಬಂದದ್ದು ಅವಳಿಗೆ ಗೊತ್ತಿರಲಿಲ್ಲ’ ಎಂದಾಗ ಮಳೆ ಬಂದದ್ದು ನಿಜವೇ. ‘ಮಳೆ ಬಂತೆಂದು ಅವಳು ನಂಬಲಿಲ್ಲ’ ಎಂದಾಗ ಮಳೆಯ ಸಂಗತಿ ಅನಿಶ್ಚಿತ. ಎರಡು ವಾಕ್ಯಗಳಲ್ಲಿಯೂ ನಿಷೇಧವಿದೆ. ಉಪವಾಕ್ಯದ ಸತ್ಯ ಮಾತ್ರ ಬೇರೆ ಬೇರೆ.

ಹೆನ್ರಿ ಜೇಮ್ಸ್ ಅವರ ‘ವಾಟ್ ಮೇಸಿ ನ್ಯೂ’ (1897) ಈ ಚರ್ಚೆಗೆ ಅತ್ಯಂತ ತಕ್ಕ ನಿದರ್ಶನ. ಅದರ ಶೀರ್ಷಿಕೆಯೇ ಒಂದು ನಾಮ ಉಪವಾಕ್ಯ. ವಿಚ್ಛೇದಿತ ತಂದೆತಾಯಿಯರ ನಡುವೆ ಹಂಚಿಹೋದ ಬಾಲಕಿಯ ಕಥೆಯಿದು. ಪ್ರಧಾನ ವಾಕ್ಯವೇ ಇಲ್ಲದ ಈ ಶೀರ್ಷಿಕೆಗೆ ಕರ್ತೃ, ಕರ್ಮ ಎಂಬ ಯಾವ ಹಣೆಪಟ್ಟಿಯೂ ಅಂಟದು. ಮೇಲಾಗಿ ಅದಕ್ಕೆ ಎರಡು ಅರ್ಥಗಳಿವೆ: ಮೇಸಿಗೆ ತಿಳಿದಿದ್ದ ಸಂಗತಿ ಎಂಬುದು ಒಂದು, ಅವಳಿಗೆ ಏನು ತಿಳಿದಿತ್ತು ಎಂಬ ಪರೋಕ್ಷ ಪ್ರಶ್ನೆ ಇನ್ನೊಂದು. ‘ವಾಟ್’ ಜೊತೆಗೆ ‘ಎಲ್ಸ್’ ಸೇರಿಸಿದರೆ ಪ್ರಶ್ನೆಯ ಅರ್ಥ ಮಾತ್ರ ಉಳಿಯುತ್ತದೆ. ಅದನ್ನು ‘ವಾಟೆವರ್’ ಮಾಡಿದರೆ ಸಂಗತಿಯ ಅರ್ಥದ ಕಡೆಗೆ ವಾಲುತ್ತದೆ. ಜೇಮ್ಸ್ ಎರಡನ್ನೂ ತೆರೆದಿಟ್ಟಿದ್ದಾರೆ. ಕಾದಂಬರಿಯ ಅಂತಿಮ ವಾಕ್ಯದಲ್ಲಿ ಇದೇ ಉಪವಾಕ್ಯ ಪ್ರಿಪೊಸಿಷನ್ನಿನ ಕರ್ಮವಾಗಿ, ಮೇಸಿಯ ಶಿಕ್ಷಕಿ ಮಿಸೆಸ್ ವಿಕ್ಸ್‌ಳ ಬೆರಗಿನ ವಿಷಯವಾಗಿ ಮರಳುತ್ತದೆ. ಸ್ಥಾನ ದೊರೆತರೂ ಒಳಗಿನ ಸಂಗತಿ ದೊರೆಯುವುದಿಲ್ಲ: ಮೇಸಿಗೆ ತಿಳಿದದ್ದು ಇಂಥದೇ ಎಂದು ಕಾದಂಬರಿ ಕೊನೆಗೂ ಪಟ್ಟಿಮಾಡುವುದಿಲ್ಲ. ಮಕ್ಕಳ ಗ್ರಹಿಕೆ ಅವರ ಪದಸಂಪತ್ತಿಗಿಂತ ಬಹಳ ದೊಡ್ಡದು ಎಂದು 1908ರ ಮುನ್ನುಡಿಯಲ್ಲಿ ಜೇಮ್ಸ್ ಹೇಳಿದ್ದನ್ನು ಈ ವ್ಯಾಕರಣರೂಪವೇ ನಿರ್ವಹಿಸುತ್ತದೆ.

ಅನುವಾದದಲ್ಲಿ ಈ ಅಂಶ ಇನ್ನೂ ಸ್ಪಷ್ಟವಾಗುತ್ತದೆ. ‘ಮೇಸಿಗೆ ಏನು ತಿಳಿದಿತ್ತೆಂಬುದು’ ಎಂದರೆ ಪ್ರಶ್ನೆ ಮಾತ್ರ ಉಳಿಯುತ್ತದೆ. ‘ಮೇಸಿಗೆ ತಿಳಿದದ್ದು’ ಎಂದರೆ ಪ್ರಶ್ನೆ ಮರೆಯಾಗುತ್ತದೆ. ಆದರೆ ಎರಡನೆಯ ರೂಪ ಕನ್ನಡದ್ದೇ ಆದ ಇನ್ನೊಂದು ದ್ವಂದ್ವವನ್ನು ತರುತ್ತದೆ: ‘ಅವಳು ಹಾಡಿದ್ದು’ ಎಂಬುದು ಹಾಡಿದ ಹಾಡೂ ಹೌದು, ಹಾಡಿದ ಕ್ರಿಯೆಯೂ ಹೌದು. ಹಾಗೆಯೇ ‘ತಿಳಿದದ್ದು’ ತಿಳಿದ ಸಂಗತಿಯನ್ನೂ ತಿಳಿವು ಮೂಡಿದ ಘಟನೆಯನ್ನೂ ಒಟ್ಟಿಗೆ ಸೂಚಿಸುತ್ತದೆ. ಮೇಸಿ ಬೆಳೆಯುವ ಕಥೆಗೆ ಇದು ಸಣ್ಣ ಲಾಭವಲ್ಲ.

ಆದುದರಿಂದ ಕಥನದ ನಾಮ ಉಪವಾಕ್ಯಗಳನ್ನು ಎಣಿಸುವ ಸಂಶೋಧಕರು ಪ್ರತಿ ಉಪವಾಕ್ಯದ ಸ್ಥಾನದೊಂದಿಗೆ ಮೂರು ಅಂಶಗಳನ್ನಾದರೂ ಗುರುತಿಸಬೇಕು: ಅದನ್ನು ಆಳುವ ಪದ ಅದರ ಸತ್ಯವನ್ನು ಒಪ್ಪಿಕೊಂಡಿದೆಯೇ, ಅದು ಸಂಗತಿಯೇ ಪ್ರಶ್ನೆಯೇ, ಅದರ ಅರಿವು ಯಾರದು. ಈ ಮೂರನ್ನು ಬಿಟ್ಟ ಕೋಷ್ಟಕ ಇಂಗ್ಲಿಷ್ ವ್ಯಾಕರಣದ ಬಗ್ಗೆ ಹೇಳೀತು. ಕಾದಂಬರಿಯ ಬಗ್ಗೆ ಹೇಳಲಾರದು.