ಕೌದಿಯ ಮೆತ್ತೆ ನಡ ಉಳಿಸದು

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಟ್ರ್ಯಾಕ್ಟರ್ ಸೀಟಿನ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿದ ಕೌದಿಯನ್ನು ಎಷ್ಟೋ ಸಲ ಕಂಡಿದ್ದೇನೆ. ಎರೆಹೊಲದ ಹೆಂಟೆ ಒಡೆಯುತ್ತ ದಿನವಿಡೀ ಕೂತ ಡ್ರೈವರ್ ಸಂಜೆ ಇಳಿದವನೇ ಮಡ್‌ಗಾರ್ಡ್ ಹಿಡಿದು ಬಗ್ಗಿ ನಿಲ್ಲುತ್ತಾನೆ, ಗಳಿಗೆ ಬಿಟ್ಟು ನೆಟ್ಟಗಾಗುತ್ತಾನೆ. “ಕೌದಿ ಹಾಕ್ಕೊಂಡ್ರೂ ನಡಾ ಬಿಡವಲ್ದ್ರೀ” ಅನ್ನುತ್ತಾನೆ. ಅವನಿಗೆ ಸಿಗುವ ಸಲಹೆ ಒಂದೇ: ಇನ್ನೊಂದು ಕೌದಿ ಹಾಕು, ಇಲ್ಲವೇ ದಪ್ಪ ಸ್ಪಂಜ್ ಹಾಕಿಸು. ಮೆತ್ತಗಿದ್ದಷ್ಟೂ ಮೈಗೆ ಸುಖ ಎಂಬ ಈ ನಂಬಿಕೆ ತಪ್ಪು. ಟ್ರ್ಯಾಕ್ಟರಿನ ಮೇಲೆ ಅದು ಕೇಡನ್ನೂ ಮಾಡಬಲ್ಲದು.

ಲೆಕ್ಕ ಕಷ್ಟದ್ದಲ್ಲ. ನಮ್ಮ ಟ್ರ್ಯಾಕ್ಟರುಗಳ ಹಿಂದಿನ ಅಚ್ಚಿಗೆ ಕಾರಿನಂತೆ ಸ್ಪ್ರಿಂಗ್ ಇಲ್ಲ. ಗಾಳಿ ತುಂಬಿದ ಟಾಯರೇ ಸ್ಪ್ರಿಂಗ್. ಹಾಗಾಗಿ ಗಾಡಿ ಸೆಕೆಂಡಿಗೆ ಸುಮಾರು 2ರಿಂದ 4 ಸಲ ಪುಟಿಯುತ್ತದೆ. ಇನ್ನು ಮೆತ್ತೆ: ಭಾರಕ್ಕೆ ಅದು 2 ಸೆಂ.ಮೀ. ಕುಸಿದರೆ ತಾನಾಗಿ ಸೆಕೆಂಡಿಗೆ ಸುಮಾರು ಮೂರೂವರೆ ಸಲ ತೂಗುವ ಗುಣ ಅದಕ್ಕೆ ಬರುತ್ತದೆ. ಹೊರಗಿನ ಅಲುಗಾಟ ಈ ಸಹಜ ಆವೃತ್ತಿಯ 1.4 ಪಟ್ಟನ್ನು ದಾಟಿದ ಮೇಲಷ್ಟೇ ಮೆತ್ತೆ ಅದನ್ನು ತಡೆಯತೊಡಗುತ್ತದೆ. ಎರಡೂ ಒಂದಕ್ಕೊಂದು ಹತ್ತಿರವಾದರೆ, ಸಮಯ ನೋಡಿ ಜೋಕಾಲಿ ದೂಡಿದ ಹಾಗೆ, ಪುಟಿತ ಬೆಳೆಯುತ್ತದೆ. ಕೂತ ಮನುಷ್ಯನ ಮೈ ಮೇಲೆ-ಕೆಳಗಿನ ಅಲುಗಾಟಕ್ಕೆ ಅತಿ ಹೆಚ್ಚು ಸ್ಪಂದಿಸುವುದು ಸೆಕೆಂಡಿಗೆ 4ರಿಂದ 8 ಸಲದ ಆಸುಪಾಸಿನಲ್ಲಿ, ಅಂದರೆ ಇದರ ಪಕ್ಕದಲ್ಲೇ. ಇಂಜಿನ್ನಿನ ಸಣ್ಣ ನಡುಕವನ್ನು ಕೌದಿ ತಡೆಯುತ್ತದೆ, ಆ ಹಿತ ಸುಳ್ಳಲ್ಲ. ನಡ ಹಿಡಿಸುವ ನಿಧಾನದ ಪುಟಿತ ಮಾತ್ರ ಅದಕ್ಕೆ ಬಗ್ಗುವುದಿಲ್ಲ.

ಹಾಗಾದರೆ ಇನ್ನೂ ಮೆತ್ತನೆಯ ಸ್ಪ್ರಿಂಗ್? ಸೆಕೆಂಡಿಗೆ ಒಂದೇ ಸಲ ತೂಗಬೇಕಾದರೆ ಅದು ಡ್ರೈವರನ ಭಾರಕ್ಕೆ 25 ಸೆಂ.ಮೀ. ಕುಸಿಯಬೇಕು. ಅಷ್ಟಕ್ಕೆ ಸೀಟಿನ ಕೆಳಗೆ ಜಾಗವೆಲ್ಲಿ?

ಶಾಲೆಯ ಮಕ್ಕಳ ಸ್ಟೀಲ್ ಪಟ್ಟಿಯೊಂದನ್ನು ಎರಡೂ ತುದಿ ಹಿಡಿದು ಒಳಕ್ಕೆ ಒತ್ತಿ. ಅದು ಒಂದು ಬದಿಗೆ ಬಿಲ್ಲಿನಂತೆ ಬಾಗುತ್ತದೆ. ಈಗ ಉಬ್ಬಿದ ನಡುಭಾಗವನ್ನು ಮತ್ತೊಬ್ಬರು ಬೆರಳಿನಿಂದ ತಳ್ಳಲಿ. ಮೊದಲು ಎದುರು ನಿಲ್ಲುತ್ತದೆ. ಮಧ್ಯಕ್ಕೆ ಬರುತ್ತಲೇ ಬೆರಳಿಗಿಂತ ಮುಂಚೆ ತಾನೇ ಆಚೆ ಬದಿಗೆ ಹಾರುತ್ತದೆ. ತಳ್ಳಿದವರನ್ನು ಹಿಂದಕ್ಕೆ ದೂಡದೆ ಮುಂದಕ್ಕೆ ಎಳೆಯುವ ಆ ಗುಣವೇ ಋಣ ಬಿಗುವು. ಒಂಟಿಯಾಗಿದ್ದರೆ ಅದು ನಿಲ್ಲದ ವಸ್ತು. ಭಾರ ಹೊರುವ ಗಟ್ಟಿ ಸ್ಪ್ರಿಂಗಿಗೆ ಜೋಡಿಸಿದರೆ ಮಾತ್ರ ಅದರ ಬಿಗುವಿನಿಂದ ತನ್ನ ಪಾಲನ್ನು ಕಳೆಯುತ್ತದೆ. ಕೇವಲ 5 ಸೆಂ.ಮೀ. ಕುಸಿಯುವ ಸ್ಪ್ರಿಂಗ್ ಸೆಕೆಂಡಿಗೆ 2.2 ಸಲ ತೂಗುತ್ತದೆ. ಅದರ ಬಿಗುವಿನ ಐದರಲ್ಲಿ ನಾಲ್ಕು ಪಾಲು ಕಳೆದರೆ ಒಂದೇ ಸಲ. ಭಾರ ಹೊರುವಾಗ ಗಟ್ಟಿ, ಅಲುಗುವಾಗ ಮೆತ್ತಗೆ. ಕೌದಿಗೆ ಇವೆರಡನ್ನೂ ಬೇರ್ಪಡಿಸಲು ಬಾರದು.

ಇದು ಪ್ರಯೋಗಾಲಯದವರ ಸೊತ್ತು, ರೈತರಿಗಲ್ಲ ಎಂಬ ಮಾತಿಗೂ ನಾನು ಒಪ್ಪುವುದಿಲ್ಲ. 2017ರಲ್ಲಿ ಹ್ಯೂಸ್ಟನ್‌ನಲ್ಲಿ ಜೇಮ್ಸ್ ವೆಬ್ ದೂರದರ್ಶಕವನ್ನು ಪರೀಕ್ಷಿಸುವಾಗ ನೆಲದ ನಡುಕ ತಾಗದಂತೆ ನೋಡಿಕೊಂಡದ್ದು ಇದೇ ಉಪಾಯ, ನಿಜ. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ, 2007ರಲ್ಲಿ, ಲೀ, ಗೊವೆರ್ಡೊವ್ಸ್ಕಿ ಮತ್ತು ಸಂಗಡಿಗರು ವಾಹನ ಚಾಲಕರ ಸೀಟಿಗೆಂದೇ ಋಣ ಬಿಗುವಿನ ಸ್ಪ್ರಿಂಗುಗಳ ವಿನ್ಯಾಸ ಪ್ರಕಟಿಸಿದ್ದರು. ಅದಕ್ಕೆ ವಿದ್ಯುತ್ತು ಬೇಡ, ಕಂಪ್ಯೂಟರ್ ಬೇಡ. ಬೇಕಾದದ್ದು ಬಾಗಿದ ಉಕ್ಕು.

ತೊಡಕಿಲ್ಲವೆಂದಲ್ಲ. ಈ ಗುಣ ಕೆಲವು ಸೆಂ.ಮೀ. ಅಂತರದೊಳಗಷ್ಟೇ ಕೆಲಸ ಮಾಡುತ್ತದೆ. ಐವತ್ತೈದು ಕಿಲೋದ ಹುಡುಗ ಇಳಿದು ಎಂಬತ್ತು ಕಿಲೋದ ಅಪ್ಪ ಹತ್ತಿದರೆ ಪಟ್ಟಿ ತನ್ನ ಮಧ್ಯದ ಜಾಗ ತಪ್ಪುತ್ತದೆ, ಆದ್ದರಿಂದ ತೂಕಕ್ಕೆ ತಕ್ಕಂತೆ ತಿರುಗಿಸುವ ಸ್ಕ್ರೂ ಇರಲೇಬೇಕು. ಒಡ್ಡು ಹತ್ತಿ ಇಳಿಯುವಾಗ ಸೀಟು ತಳ ಬಡಿಯದಂತೆ ಡ್ಯಾಂಪರ್ ಬೇಕು, ಧೂಳು ತುಂಬದಂತೆ ಮುಚ್ಚಿಗೆ ಬೇಕು. ಇವೆಲ್ಲ ಫಿಟ್ಟರ್ ಮತ್ತು ಇಂಜಿನಿಯರ್ ಕೂಡಿ ಬಿಡಿಸಬಲ್ಲ ತೊಡಕುಗಳು. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಅಂಥದೊಂದು ಸೀಟು ಕೂರಿಸಿದ ಟ್ರ್ಯಾಕ್ಟರನ್ನೂ ಕೌದಿ ಹಾಸಿದ್ದನ್ನೂ ಒಂದೇ ಎರೆಹೊಲದಲ್ಲಿ ಓಡಿಸಿ, ಡ್ರೈವರುಗಳನ್ನೇ ಕೂರಿಸಿ ಅಳೆದು ತೋರಿಸಬೇಕು. ಗದಗದ ಶೋರೂಮಿನಲ್ಲಿ ಎಚ್‌ಪಿ ಎಷ್ಟು, ಲಿಫ್ಟ್ ಎಷ್ಟು ಎತ್ತುತ್ತದೆ, ಡೀಸೆಲ್ ಎಷ್ಟು ಕುಡಿಯುತ್ತದೆ ಎಂದು ಕೇಳುವ ರೈತ, ಸೀಟು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂದೂ ಆಗ ಕೇಳಿಯಾನು.