ನಾಸ್ ಕವಿಯ ಪೂರ್ವೋತ್ತರ ಕೃತಿಗಳು

ನ್ಯೂಯಾರ್ಕ್ ನಗರದ ನಾಸಿರ್ ಜೋನ್ಸನು ನಾಸ್ ಎಂಬ ಹ್ರಸ್ವನಾಮದಿಂದ ಲೋಕಪ್ರಸಿದ್ಧನಾದ ರ‍್ಯಾಪ್ ಕವಿ. ಆತನು ತನ್ನ ಪ್ರಥಮ ಗೀತಸಂಪುಟವಾದ 'ಇಲ್‌ಮ್ಯಾಟಿಕ್' ಎಂಬುದನ್ನು 1994ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಹೊರತಂದಾಗ ಆತನಿಗೆ 20 ವರ್ಷ ವಯಸ್ಸು. ಅಂದಿನಿಂದ ಆತನು ರಚಿಸಿದ ಪ್ರತಿಯೊಂದು ಸಂಪುಟವನ್ನೂ ರಸಿಕರು ಆ ಮೊದಲನೆಯದರ ಪಕ್ಕದಲ್ಲಿಟ್ಟು ತೂಗುತ್ತ ಬಂದಿದ್ದಾರೆ. ಬಹುಮಟ್ಟಿಗೆ ತೂಕ ಕಡಮೆಯೆಂದೇ ತೀರ್ಪಿತ್ತಿದ್ದಾರೆ. 2020 ರಿಂದ 2023 ರ ವರೆಗೆ ಹಿಟ್-ಬಾಯ್ ಎಂಬ ವಾದ್ಯಸಂಯೋಜಕನೊಡನೆ ಸೇರಿ ಆತನು ಆರು ಸಂಪುಟಗಳನ್ನು ಪ್ರಕಟಿಸಿದ ಮೇಲೆ ಈ ವಿವಾದವು ಹೊಸದಾಗಿ ಚಿಗುರಿತು. ಕವಿಯು ತನ್ನ ಪೂರ್ವದ ಎತ್ತರವನ್ನು ಮರಳಿ ಮುಟ್ಟಿದನೆಂದು ಒಂದು ಪಕ್ಷ. ಮೊದಲ ಸಂಪುಟದ ಒಂದು ಗೀತಕ್ಕೆ ಈ ಆರೂ ಸಾಟಿಯಲ್ಲವೆಂದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಎತ್ತರವನ್ನು ಅಳೆಯುವುದರಲ್ಲಿ ಮಗ್ನರಾಗಿರುವರೇ ಹೊರತು, ಕವಿಯು ಎಲ್ಲಿ ನಿಂತು ಏನನ್ನು ನೋಡುತ್ತಿದ್ದಾನೆಂಬುದನ್ನು ವಿಚಾರಿಸಿದಂತೆ ಕಾಣುವುದಿಲ್ಲ.

ರ‍್ಯಾಪ್ ಎಂಬುದು ಸಂಗೀತವೂ ಅಲ್ಲ, ಬರಿಯ ವಾಚನವೂ ಅಲ್ಲ. ಹಳೆಯ ಧ್ವನಿಮುದ್ರಣಗಳಿಂದ ತುಣುಕುಗಳನ್ನು ಆಯ್ದು ಹೆಣೆದ ತಾಳಬಂಧದ ಮೇಲೆ ಪದ್ಯವನ್ನು ಮಾತಿನ ಧಾಟಿಯಲ್ಲಿ ನುಡಿಯುವ ಕ್ರಮವದು. ಕನ್ನಡಿಗರಿಗೆ ದ್ವಿತೀಯಾಕ್ಷರಪ್ರಾಸವು ಹೇಗೋ ಈ ಕವಿಗಳಿಗೆ ಅಂತ್ಯಪ್ರಾಸವು ಹಾಗೆ. ಆದರೆ ಸಮರ್ಥನಾದವನು ಅಷ್ಟಕ್ಕೇ ನಿಲ್ಲದೆ ಪಾದದ ನಡುನಡುವೆಯೂ ಎರಡು ಮೂರು ಅಕ್ಷರಗಳ ಪ್ರಾಸಗಳನ್ನು ಪೋಣಿಸುತ್ತಾನೆ. ನಾಸನಲ್ಲಿ ವಾಕ್ಯವು ಸರಳರಗಳೆಯಲ್ಲಿ ಹರಿಯುವಂತೆ ಪಾದಾಂತವನ್ನು ದಾಟಿ ಮುಂದಕ್ಕೆ ಹರಿಯುತ್ತದೆ. ಹಾಗಿದ್ದೂ ಪ್ರಾಸವು ತಪ್ಪುವುದಿಲ್ಲ. ಇದು ಸುಲಭಸಾಧ್ಯವಲ್ಲ. ಇಂಥ ಪದ್ಯಗಳಲ್ಲಿ ಬೈಗುಳವೂ ಅಶ್ಲೀಲವೂ ಯಥೇಚ್ಛವಾಗಿರುವುದರಿಂದ ಕಿವಿ ಮುಚ್ಚಿಕೊಳ್ಳುವವರು ಉಂಟು. ಅದು ಗ್ರಾಮ್ಯದೋಷವೇ ಸರಿ. ಆದರೆ ಮಾತನಾಡುವ ಪಾತ್ರಕ್ಕೆ ಉಚಿತವಾದಲ್ಲಿ ದೋಷವೂ ದೋಷವಾಗಿ ಉಳಿಯದೆಂದು ಒಪ್ಪಿರುವ ಆಲಂಕಾರಿಕರ ಶಿಷ್ಯರು ಅಷ್ಟಕ್ಕೇ ಎದ್ದು ಹೋಗಲಾಗದು.

ಪ್ರಥಮಕೃತಿಯ ಹಿನ್ನೆಲೆಯನ್ನು ತಿಳಿಯದೆ ಅದರ ಬಲವನ್ನು ಅರಿಯಲಾಗದು. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಕ್ವೀನ್ಸ್‌ಬ್ರಿಜ್ ಎಂಬ ವಸತಿಸಮುಚ್ಚಯವಿದೆ. 1939 ರಲ್ಲಿ ತೆರೆದ ಈ ಸರಕಾರೀ ವಸತಿಯು ಉತ್ತರ ಅಮೆರಿಕದಲ್ಲಿಯೇ ಅತಿ ದೊಡ್ಡದೆಂದು ಹೆಸರಾದದ್ದು. ನಾಸನು ಬೆಳೆದದ್ದು ಅಲ್ಲಿ. ತಂದೆ ಓಲು ದಾರಾ ಜಾಸ್ ಸಂಗೀತದ ವಿದ್ವಾಂಸ. ಮಗನ ಮೊದಲ ಸಂಪುಟದ ಒಂದು ಗೀತದ ಕೊನೆಯಲ್ಲಿ ಆತನ ಕಾರ್ನೆಟ್ ವಾದ್ಯವು ಕೇಳಿಬರುತ್ತದೆ. ಹುಡುಗನು ಎಂಟನೆಯ ತರಗತಿಯ ಬಳಿಕ ಶಾಲೆಯನ್ನು ಬಿಟ್ಟನು. 1991 ರಲ್ಲಿ, 17 ವರ್ಷದವನಾಗಿದ್ದಾಗ, ಬೇರೊಂದು ತಂಡದ ಗೀತದಲ್ಲಿ ಕೆಲವೇ ಪಂಕ್ತಿಗಳನ್ನು ನುಡಿದು ಪರಿಣತರ ಗಮನವನ್ನು ಸೆಳೆದನು. ಮರುವರ್ಷ ಆತನ ಬಾಲ್ಯಸ್ನೇಹಿತನು ಗುಂಡಿಗೆ ಬಲಿಯಾದನು; ಅದೇ ರಾತ್ರಿ ತಮ್ಮನಿಗೂ ಗುಂಡು ತಗುಲಿತು, ಆದರೆ ಬದುಕಿ ಉಳಿದನು. 'ಇಲ್‌ಮ್ಯಾಟಿಕ್' ಹುಟ್ಟಿದ್ದು ಈ ನೆಲದಲ್ಲಿ. ಒಟ್ಟು ಹತ್ತೇ ಭಾಗಗಳು, ನಲವತ್ತು ನಿಮಿಷಕ್ಕೂ ಮೀರದ ಕೃತಿ. ಮೊದಲಿಗೆ ಅದು ಬಹಳವಾಗಿ ಮಾರಾಟವಾಗಲೂ ಇಲ್ಲ. 2021 ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು ಸಂರಕ್ಷಣೀಯವಾದ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು.

ಆ ಕೃತಿಯ ಹಿರಿಮೆಯು ಪ್ರಾಸದಲ್ಲಿದೆಯೆಂದು ಹಲವರ ಮತ. ಪ್ರಾಸವು ಅಲ್ಲಿ ಅದ್ಭುತವಾದುದು ನಿಜ. ಆದರೆ ಅದರಲ್ಲಿರುವ 'ಒನ್ ಲವ್' ಎಂಬ ಗೀತವನ್ನು ಸಾವಧಾನವಾಗಿ ಕೇಳಿದವರಿಗೆ ಬೇರೊಂದು ಗುಣವು ಗೋಚರಿಸದೆ ಇರದು. ಸೆರೆಮನೆಯಲ್ಲಿರುವ ಗೆಳೆಯರಿಗೆ ಬರೆದ ಓಲೆಗಳ ರೂಪದಲ್ಲಿ ಅದು ಸಾಗುತ್ತದೆ. ಊರಿನ ಸುದ್ದಿ, ಹುಟ್ಟಿದ ಮಗುವಿನ ಸುದ್ದಿ, ಯಾರು ಯಾರಿಗೆ ಎರಡು ಬಗೆದರೆಂಬ ಸುದ್ದಿ, ಇವನ್ನೆಲ್ಲ ಕವಿಯು ಒಂದು ಲೋಟ ನೀರು ಕೊಟ್ಟಷ್ಟು ಸಹಜವಾಗಿ ತಿಳಿಸುತ್ತಾನೆ. ಮೂರನೆಯ ಭಾಗದಲ್ಲಿ ವಸತಿಯ ಅಂಗಳದ ಬೆಂಚಿನ ಮೇಲೆ ಹನ್ನೆರಡು ವರ್ಷದ ಹುಡುಗನೊಬ್ಬನು ಸಿಕ್ಕುತ್ತಾನೆ. ಮಾದಕವಸ್ತುವನ್ನು ಮಾರುವ ಬಾಲಕ. ಮಾತಿನಲ್ಲಿ ಮಾತ್ರ ದೊಡ್ಡವನು. ಕವಿಯು ಆತನನ್ನು ಹಳಿಯುವುದಿಲ್ಲ, ಆತನಿಗಾಗಿ ಕಣ್ಣೀರನ್ನೂ ಸುರಿಸುವುದಿಲ್ಲ. ಪಕ್ಕದಲ್ಲಿ ಕುಳಿತು ಎರಡು ಮಾತು ಬುದ್ಧಿ ಹೇಳಿ ಎದ್ದು ಹೋಗುತ್ತಾನೆ. ಕರುಣರಸವನ್ನು ಬಾಯಿಬಿಟ್ಟು ಹೇಳದೆ ಧ್ವನಿಸುವುದೆಂದರೆ ಇದೇ. ಇಪ್ಪತ್ತರ ತರುಣನಿಗೆ ಇಷ್ಟು ಸಂಯಮವು ಎಲ್ಲಿಂದ ಬಂದಿತೆಂಬುದು ಆಶ್ಚರ್ಯದ ಸಂಗತಿ. ಆ ಸಂಪುಟದಲ್ಲಿ ಆತ್ಮಪ್ರಶಂಸೆ ಇಲ್ಲವೆಂದಲ್ಲ. ಅದು ಈ ಕಾವ್ಯಜಾತಿಯ ಸಂಪ್ರದಾಯ, ನಮ್ಮ ರನ್ನನೂ ಅದಕ್ಕೆ ಹಿಂಜರಿದವನಲ್ಲ. ಆದರೆ ಅಲ್ಲಿ ಕವಿಯ ಕಣ್ಣು ತನ್ನ ಮೇಲೆ ಇದ್ದುದಕ್ಕಿಂತ ಹೆಚ್ಚಾಗಿ ಇತರರ ಮೇಲೆ ಇದ್ದಿತು.

ಅನಂತರದ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 1996 ರ 'ಇಟ್ ವಾಸ್ ರಿಟನ್' ಮಾರಾಟದಲ್ಲಿ ಮೊದಲನೆಯದನ್ನು ಮೀರಿಸಿತು. ಕವಿಯು ದ್ರವ್ಯಕ್ಕೆ ಮಾರುಹೋದನೆಂಬ ಅಪವಾದವೂ ಜೊತೆಗೆ ಬಂದಿತು. 1999 ರಲ್ಲಿ ಎರಡು ಸಂಪುಟಗಳು ಬಂದವು. ಮೊದಲನೆಯದಕ್ಕೆಂದು ಸಿದ್ಧಪಡಿಸಿದ್ದ ಹಲವು ಗೀತಗಳು ಪ್ರಕಟಣೆಗೆ ಮುಂಚೆಯೇ ಸೋರಿ ಹೋದುದರಿಂದ, ಎರಡನೆಯದಾದ 'ನಾಸ್ಟ್ರಡಾಮಸ್' ಅವಸರದಲ್ಲಿ ಕಟ್ಟಿದ ಗುಡಿಸಲಿನಂತಾಯಿತು. ಅದನ್ನು ಸಮರ್ಥಿಸುವ ಅಗತ್ಯವಿಲ್ಲ. 2001 ರಲ್ಲಿ ಜೇ-ಜೀ ಎಂಬ ಪ್ರತಿಸ್ಪರ್ಧಿಯು, ಈತನಲ್ಲಿ ಒಂದು ಒಳ್ಳೆಯ ಕೃತಿಗಿಂತ ಹೆಚ್ಚಿನದಿಲ್ಲವೆಂದು ಬಹಿರಂಗವಾಗಿ ಮೂದಲಿಸಿದನು. ಅದೇ ವರ್ಷದ ಕೊನೆಗೆ ನಾಸನು 'ಸ್ಟಿಲ್‌ಮ್ಯಾಟಿಕ್' ಸಂಪುಟದ ಮೂಲಕ ಉತ್ತರ ಕೊಟ್ಟನು. ಜಗಳದ ಪದ್ಯವೇ ಹೆಚ್ಚು ಪ್ರಸಿದ್ಧವಾಯಿತು. ಆದರೆ ಅದೇ ಸಂಪುಟದ 'ರಿವೈಂಡ್' ಎಂಬ ಗೀತವು, ಒಂದು ಹತ್ಯೆಯ ಕಥೆಯನ್ನು ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ಹೇಳಿ, ಯುಕ್ತಿಯಲ್ಲಿ ಅದಕ್ಕಿಂತ ಮೇಲಾಗಿದೆ. ಮುಂದೆ 2005 ರಲ್ಲಿ ಇಬ್ಬರೂ ರಾಜಿಯಾದರು.

ನಾಸನು ಕೆಟ್ಟ ವಾದ್ಯಬಂಧಗಳನ್ನು ಆರಿಸಿಕೊಂಡುದರಿಂದ ಉತ್ತರಕೃತಿಗಳು ಸೊರಗಿದವೆಂಬುದು ಅಭಿಮಾನಿಗಳಲ್ಲಿ ಪ್ರಚಲಿತವಾದ ಸಮಾಧಾನ. ಮೊದಲ ಸಂಪುಟಕ್ಕೆ ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್ ಮೊದಲಾದ ಅತಿರಥರು ಕೈಗೂಡಿಸಿದ್ದರು. ಅಂಥ ಕೂಟವು ಮತ್ತೆ ಒದಗಲಿಲ್ಲವೆನ್ನುವುದೂ ಸರಿಯೇ. ಆದರೆ ರೋಗವು ಅಷ್ಟೇ ಆಗಿದ್ದಿದ್ದರೆ 2020 ರಲ್ಲಿ ಅದು ಗುಣವಾಗಬೇಕಾಗಿತ್ತು. ಹಿಟ್-ಬಾಯ್ ಹೆಣೆದ ಬಂಧಗಳು ಶುದ್ಧವಾಗಿವೆ, ಏಕರೀತಿಯಾಗಿವೆ, ಕವಿಯ ಕಂಠಕ್ಕೆ ಒಪ್ಪುತ್ತವೆ. ಆ ಸಾಲಿನ ಮೊದಲನೆಯದಾದ 'ಕಿಂಗ್ಸ್ ಡಿಸೀಸ್' ಸಂಪುಟಕ್ಕೆ 2021 ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ದೊರಕಿತು. 'ಇಲ್‌ಮ್ಯಾಟಿಕ್' ಸಂಪುಟಕ್ಕೆ ದೊರೆಯದಿದ್ದುದು ಇದಕ್ಕೆ ದೊರೆಯಿತೆಂಬುದು ಪ್ರಶಸ್ತಿಗಳ ಸ್ವಭಾವವನ್ನು ಬಲ್ಲವರಿಗೆ ವಿಸ್ಮಯವಲ್ಲ. ದಂಡಿಯು ಕಾವ್ಯಕ್ಕೆ ಪ್ರತಿಭೆ, ಶ್ರುತ, ಅಭ್ಯಾಸಗಳೆಂಬ ಮೂರನ್ನು ಕಾರಣವಾಗಿ ಹೇಳಿದ್ದಾನೆ. ಈ ಆರು ಸಂಪುಟಗಳಲ್ಲಿ ಅಭ್ಯಾಸಕ್ಕೆ ಕೊರತೆಯಿಲ್ಲ. ಐವತ್ತರ ಸಮೀಪದಲ್ಲಿಯೂ ಉಸಿರು ತಪ್ಪಿಲ್ಲ, ಪ್ರಾಸವು ಕುಂಟಿಲ್ಲ. ಶ್ರುತವೂ ಬೆಳೆದಿದೆ, ತನ್ನ ಕಲೆಯ ಚರಿತ್ರೆಯನ್ನು ಆತನಷ್ಟು ಬಲ್ಲವರು ವಿರಳ. ಹಾಗಾದರೆ ಕೊರತೆಯು ಎಲ್ಲಿ?

ಎರಡು ಗೀತಗಳನ್ನು ಎದುರುಬದುರಾಗಿ ಇಟ್ಟರೆ ಅದು ಗೊತ್ತಾಗುತ್ತದೆ. 1996 ರ 'ಐ ಗೇವ್ ಯೂ ಪವರ್' ಎಂಬುದರಲ್ಲಿ ಮಾತನಾಡುವುದು ಒಂದು ಪಿಸ್ತೂಲು. ಕೈಯಿಂದ ಕೈಗೆ ಹೋಗಿ, ಕತ್ತಲೆಯಲ್ಲಿ ಅಡಗಿ, ಕೊಂದು ಕೊಂದು ಬೇಸತ್ತ ಆ ಆಯುಧವು ಒಂದು ದಿನ ಹಾರಲೊಲ್ಲೆನೆಂದು ಕಚ್ಚಿಕೊಂಡು ನಿಲ್ಲುತ್ತದೆ. ಅದನ್ನು ಹಿಡಿದವನು ಸಾಯುತ್ತಾನೆ. ಮರುಕ್ಷಣವೇ ಇನ್ನೊಂದು ಕೈ ಅದನ್ನು ಎತ್ತಿಕೊಳ್ಳುತ್ತದೆ. ಅಚೇತನದ ಮೇಲೆ ಚೇತನಧರ್ಮವನ್ನು ಆರೋಪಿಸುವುದು ಕವಿಗಳಿಗೆ ಹೊಸದಲ್ಲ, ಆದರೆ ಇಲ್ಲಿ ಆರೋಪವು ಅಲಂಕಾರವಾಗಿ ಉಳಿಯದೆ ಕಥೆಯೇ ಆಗಿದೆ. 2022 ರ 'ಕಿಂಗ್ಸ್ ಡಿಸೀಸ್' ಮೂರನೆಯ ಸಂಪುಟದಲ್ಲಿ 'ಬೀಫ್' ಎಂಬ ಗೀತವಿದೆ. ಬೀದಿಮಾತಿನಲ್ಲಿ ಆ ಪದಕ್ಕೆ ಹಗೆತನವೆಂದು ಅರ್ಥ. ಅಲ್ಲಿ ಹಗೆತನವೇ ಉತ್ತಮಪುರುಷದಲ್ಲಿ ಮಾತನಾಡುತ್ತದೆ. ತಂತ್ರವು ಅದೇ; ಕುಶಲತೆಯೂ ಕುಂದಿಲ್ಲ; ಪ್ರಾಯಃ ಶಬ್ದಶಿಲ್ಪವು ಹೆಚ್ಚು ನಯವಾಗಿದೆ. ಆದರೆ ಪಿಸ್ತೂಲಿಗೆ ಭಾರವಿದೆ, ತಣ್ಣನೆಯ ಮೈಯಿದೆ, ಅದನ್ನು ಒಬ್ಬನು ಹಾಸಿಗೆಯ ಕೆಳಗೆ ಬಚ್ಚಿಡಬಲ್ಲನು. ಹಗೆತನವೆಂಬುದು ಭಾವವಾಚಕ, ಅದು ಎಲ್ಲೆಲ್ಲಿಯೂ ಇದೆ, ಆದ್ದರಿಂದ ಎಲ್ಲಿಯೂ ಕಾಣುವುದಿಲ್ಲ. ಪೂರ್ವಗೀತದಲ್ಲಿ ಕೇಳುಗನು ಒಬ್ಬನ ಸಾವನ್ನು ಕಾಣುತ್ತಾನೆ. ಉತ್ತರಗೀತದಲ್ಲಿ ಸಾವುಗಳ ವಿಚಾರವಾಗಿ ಒಂದು ಒಳ್ಳೆಯ ಉಪನ್ಯಾಸವನ್ನು ಕೇಳುತ್ತಾನೆ.

ಈ ಆರು ಸಂಪುಟಗಳ ಉದ್ದಕ್ಕೂ ಇದೇ ಕಥೆ. ಕವಿಯು ಶ್ರೀಮಂತನಾಗಿದ್ದಾನೆ, ಹೊಸ ಹೊಸ ಉದ್ಯಮಗಳಲ್ಲಿ ಹಣ ಹೂಡಿದ್ದಾನೆ, ಅದನ್ನು ಮುಚ್ಚಿಡುವುದಿಲ್ಲ. ಬಡತನದಿಂದ ಎದ್ದು ಬಂದವನು ಐಶ್ವರ್ಯವನ್ನು ಹಾಡುವುದು ಅಪರಾಧವಲ್ಲ. ಕಷ್ಟವೇನೆಂದರೆ, ಹಳೆಯ ವಸತಿಯೂ ಸತ್ತ ಗೆಳೆಯರೂ ಈಗ ಆತನ ವೈಭವದ ಚಿತ್ರಕ್ಕೆ ಚೌಕಟ್ಟಾಗಿ ನಿಂತುಬಿಟ್ಟಿದ್ದಾರೆ. 'ಎಲ್ಲಿಂದ ಬಂದೆ ನೋಡಿರಿ' ಎಂಬುದಕ್ಕೆ ಅವರು ಸಾಕ್ಷಿಗಳು. 1994 ರಲ್ಲಿ ಸಾಕ್ಷಿಯಾಗಿದ್ದವನು ಕವಿ, ಬದುಕುತ್ತಿದ್ದವರು ಅವರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಎರಡನೆಯ ಪಕ್ಷದವರಿಗೆ ಸಂತೋಷವಾಗುವುದು. ಆದರೆ ಕವಿಗೆ ಅನ್ಯಾಯವಾಗುವುದು. ಒಂದು ಸಂಗತಿಯನ್ನು ಇಲ್ಲಿ ನೆನೆಯತಕ್ಕದ್ದು. ಹಿಪ್-ಹಾಪ್ ಕಲೆಯು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ 1973ನೆಯ ಆಗಸ್ಟ್ ತಿಂಗಳ ಒಂದು ಸಂತೋಷಕೂಟದಲ್ಲಿ ಹುಟ್ಟಿತೆಂದು ರೂಢಿಯಾಗಿ ಎಣಿಸುತ್ತಾರೆ. ನಾಸನು ಹುಟ್ಟಿದ್ದು ಅದೇ ವರ್ಷದ ಸೆಪ್ಟೆಂಬರ್ 14 ರಂದು. ಕಲೆಗೂ ಕವಿಗೂ ಒಂದೇ ವಯಸ್ಸು. ತರುಣನ ಕೋಪವನ್ನೂ ಚಮತ್ಕಾರವನ್ನೂ ಹೇಗೆ ಹಾಡಬೇಕೆಂಬುದಕ್ಕೆ ಆತನ ಮುಂದೆ ಮಾದರಿಗಳಿದ್ದವು. ತಲೆ ನರೆತ ಮೇಲೆ ಏನನ್ನು ಹಾಡಬೇಕೆಂಬುದಕ್ಕೆ ಒಂದೂ ಇರಲಿಲ್ಲ. ವಾನಪ್ರಸ್ಥಾಶ್ರಮವನ್ನೇ ಕಾಣದ ಕಾವ್ಯಪರಂಪರೆಯಲ್ಲಿ ಮೊದಲಿಗನಾಗಿ ಮುದಿಯಾಗುವುದು ಸಾಮಾನ್ಯ ಸಂಕಟವಲ್ಲ. ಐಶ್ವರ್ಯದ ವರ್ಣನೆಗೆ ಆತನು ಮತ್ತೆ ಮತ್ತೆ ಮರಳುವುದು ಬೇರೆ ದಾರಿ ತೋರದುದರಿಂದಲೂ ಇರಬಹುದು.

ಆದರೂ ಆತನು ಕೆಲವು ಸಲ ದಾರಿಯನ್ನು ಕಂಡುಕೊಂಡಿದ್ದಾನೆ. 2002 ರಲ್ಲಿ ತಾಯಿ ತೀರಿಕೊಂಡಳು. ಅದೇ ವರ್ಷದ 'ಗಾಡ್ಸ್ ಸನ್' ಸಂಪುಟದಲ್ಲಿ ಆಕೆಯೊಡನೆ ಇನ್ನೊಮ್ಮೆ ಕುಣಿಯಬೇಕೆಂಬ ಒಂದೇ ಆಸೆಯ ಮೇಲೆ 'ಡ್ಯಾನ್ಸ್' ಎಂಬ ಸಣ್ಣ ಗೀತವನ್ನು ಕಟ್ಟಿದನು. 2004 ರಲ್ಲಿ ತಂದೆಯೊಡನೆ ಸೇರಿ ಹಾಡಿದನು. ಇವೆಲ್ಲಕ್ಕಿಂತ ಮಿಗಿಲಾದದ್ದು 2012 ರ 'ಲೈಫ್ ಈಸ್ ಗುಡ್' ಸಂಪುಟದ 'ಡಾಟರ್ಸ್' ಎಂಬ ಗೀತ. ಪ್ರಾಯಕ್ಕೆ ಬರುತ್ತಿರುವ ಮಗಳ ತಂದೆಯು ಅಲ್ಲಿ ಮಾತನಾಡುತ್ತಾನೆ. ಮಗಳು ಸೆರೆಮನೆಯಲ್ಲಿರುವ ಹುಡುಗನೊಬ್ಬನಿಗೆ ಓಲೆ ಕಳುಹಿಸಿರುವುದು ಆತನಿಗೆ ತಿಳಿಯುತ್ತದೆ. ಸಿಟ್ಟು ಬರುತ್ತದೆ, ಸಿಟ್ಟಿನೊಳಗೇ ನಾಚಿಕೆಯೂ ಬರುತ್ತದೆ, ಏಕೆಂದರೆ ತಾನು ತರುಣನಾಗಿದ್ದಾಗ ಇತರರ ಹೆಣ್ಣುಮಕ್ಕಳೊಡನೆ ಹೇಗೆ ನಡೆದುಕೊಂಡೆನೆಂಬುದು ಆತನಿಗೆ ಮರೆತಿಲ್ಲ.

ಹದಿನೆಂಟು ವರ್ಷಗಳ ಹಿಂದೆ ಸೆರೆಮನೆಗೆ ಓಲೆ ಬರೆದವನು ಈತನೇ. ಅಂದು ಆ ಓಲೆಯು ಸ್ನೇಹಧರ್ಮದ ಕುರುಹಾಗಿತ್ತು. ಕೇಳಿದವರೆಲ್ಲರೂ ಬರೆದವನ ಪಕ್ಷ. ಇಂದು ಅಂಥದೇ ಓಲೆ ಮನೆಯೊಳಗಿಂದ ಹೊರಟಾಗ ಅದು ತಂದೆಯ ಎದೆಗೆ ಚುಚ್ಚುವ ಮುಳ್ಳಾಗಿದೆ. ಕವಿಯು ಈ ಸಾಮ್ಯವನ್ನು ಎತ್ತಿ ತೋರಿಸುವುದಿಲ್ಲ. ಪೂರ್ವಗೀತವನ್ನು ಬಲ್ಲ ಸಹೃದಯನಿಗೆ ತಾನಾಗಿಯೇ ಹೊಳೆಯುತ್ತದೆ. ಇಲ್ಲಿ ಪ್ರಾಸಗಳು 'ಇಲ್‌ಮ್ಯಾಟಿಕ್'ನಷ್ಟು ಗಾಢವಾಗಿಲ್ಲ, ವಾದ್ಯಬಂಧವೂ ಅಷ್ಟು ಗಂಭೀರವಲ್ಲ, ಪಲ್ಲವಿಯಂತೂ ಸ್ವಲ್ಪ ಸಪ್ಪೆ. ಹಾಗಿದ್ದರೂ ಪೂರ್ವಕೃತಿಗೆ ಸಮನಾಗಿ ನಿಲ್ಲುವ ಉತ್ತರಕೃತಿ ಯಾವುದೆಂದು ಕೇಳಿದರೆ ಇದನ್ನೇ ತೋರಿಸಬೇಕು. ಮೊದಲನೆಯದನ್ನು ಅನುಕರಿಸಿದುದರಿಂದಲ್ಲ, ಅದೇ ವಸ್ತುವನ್ನು ಬೀದಿಯ ಆಚೆಯ ಬದಿಯಿಂದ ನೋಡಿದುದರಿಂದ. ಇಪ್ಪತ್ತರ ಕವಿಯು ಇದನ್ನು ಬರೆಯಲಾರನಾಗಿದ್ದನು.

ಹಿಟ್-ಬಾಯ್ ಜೊತೆಗಿನ ಸಂಪುಟಗಳಲ್ಲಿ ಇಂಥ ಗೀತವೊಂದು ಇಲ್ಲವೆಂಬುದೇ ಅವುಗಳ ಮೇಲಿನ ಆಕ್ಷೇಪ, ಅವು ಹಳತಿನಂತಿಲ್ಲವೆಂಬುದಲ್ಲ. ಅವುಗಳಲ್ಲಿ ಕೊನೆಯದಾದ 'ಮ್ಯಾಜಿಕ್' ಮೂರನೆಯ ಸಂಪುಟವು 2023ನೆಯ ಸೆಪ್ಟೆಂಬರ್ 14 ರಂದು, ಕವಿಗೆ 50 ವರ್ಷ ತುಂಬಿದ ದಿನವೇ, ಹೊರಬಂದಿತು. 'ಒನ್ ಲವ್' ಗೀತದ ಬೆಂಚಿನ ಮೇಲೆ ಕುಳಿತಿದ್ದ ಹನ್ನೆರಡರ ಹುಡುಗನು ಬದುಕಿ ಉಳಿದಿದ್ದರೆ ಆ ದಿನ ಆತನಿಗೆ 41 ವರ್ಷ. ಆತನಿಗೂ ಮಕ್ಕಳಿರಬಹುದು, ಅಥವಾ ಆತನೇ ಈಗ ಸೆರೆಮನೆಯಲ್ಲಿ ಓಲೆಗಾಗಿ ಕಾಯುತ್ತಿರಬಹುದು. ಆ ಓಲೆಯನ್ನು ಬರೆಯಬಲ್ಲವನು ಕ್ವೀನ್ಸ್‌ಬ್ರಿಜ್ಜಿನ ಈ ಕವಿಯೊಬ್ಬನೇ.